ಕೊನೆಯ ಗರಿಯ ಜಾಮೀನು

ಸಂಜೆಗೆ ಇನ್ನೂ ಮನೆಯೇ ಇರದಿದ್ದ ಕಾಲ ಅದು. ಹಗಲು ಮುಗಿದ ಕೂಡಲೇ ರಾತ್ರಿ ಧಡಕ್ಕನೆ ಮೇಲೆ ಬೀಳುತ್ತಿತ್ತು. ನಡುವೆ ಒಂದು ಉಸಿರು ಎಳೆದುಕೊಳ್ಳುವಷ್ಟೂ ಜಾಗವಿರಲಿಲ್ಲ. ಬೀದಿಪಾಲಾದ ಸಂಜೆಬೆಳಕು ಸಿಕ್ಕಸಿಕ್ಕವರ ಬಾಗಿಲು ತಟ್ಟಿತು. ಬೆಟ್ಟವನ್ನು ಕೇಳಿತು. ‘ನನ್ನ ತಲೆಯ ಮೇಲೆ ಹಿಮ ಕೂತಿದೆ, ನಿನಗೆಲ್ಲಿಯ ಜಾಗ’ ಅಂದಿತು ಬೆಟ್ಟ. ಹಸುವನ್ನು ಕೇಳಿತು. ‘ಮೆಲುಕು ಹಾಕುವಾಗ ನನ್ನನ್ನು ಮಾತಾಡಿಸಬೇಡ’ ಅಂದಿತು ಹಸು. ಕೊನೆಗೆ ಸಿಕ್ಕಿದ್ದು ಹುಂಜ. ‘ಕತ್ತಲಾಗುವ ಮೊದಲೇ ಮಲಗುವವನು ನಾನು. ಬೆನ್ನು ಹೇಗೂ ಖಾಲಿ. ಬಾ, ಮಲಗಿಕೋ’ ಅಂದಿತು. ಸಂಜೆ ಹುಂಜದ ಗರಿಯೊಳಗೆ ಹೊಕ್ಕು ಬೆಚ್ಚಗೆ ಕೂತಿತು. ನಮ್ಮ ಕಣಿವೆಯ ಹುಂಜಗಳ ಗರಿಗೆ ಆ ಹೊಳಪು ಬಂದದ್ದು ಅವತ್ತಿನಿಂದ.

ಹೊಳೆ ಸುಮ್ಮನಿದ್ದೀತೆ? ‘ಸಂಜೆ ನನ್ನ ಮಗಳು, ನನ್ನ ನೀರಿನಲ್ಲಿ ಹುಟ್ಟಿದವಳು, ಕೊಡು ಇತ್ತ’ ಎಂದು ದಡ ಮೀರಿ ಬಂತು. ಹುಂಜ ನಡುಗಿಹೋಯಿತು. ಒಂದೊಂದೇ ಗರಿಯಾಗಿ ವಾಪಸು ಕೊಡುತ್ತೇನೆ, ನಿನ್ನ ಟ್ರೌಟ್ ಮೀನುಗಳನ್ನು ಕಳಿಸಿ ತೆಗೆದುಕೋ ಎಂದು ಬೇಡಿಕೊಂಡಿತು. ‘ಕೋಳಿಯ ಮಾತನ್ನು ನಂಬುವವರು ಯಾರು? ಜಾಮೀನು ಯಾರು ನಿಲ್ಲುತ್ತಾರೆ?’ ಎಂದಿತು ಹೊಳೆ. ಹುಂಜವನ್ನು ಸಾಕಿದ ಹೆಂಗಸು ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು. ‘ನಾನು ನಿಲ್ಲುತ್ತೇನೆ. ಕೊನೆಯ ಗರಿ ನಿನ್ನ ಮೀನಿನ ಬಾಯಿ ಸೇರುವ ತನಕ ಈ ದಡ ಬಿಟ್ಟು ಕದಲುವುದಿಲ್ಲ’ ಅಂದಳು.

ಈ ಕಥೆಯನ್ನು ಒನೊರಿನಾಳಿಗೆ ಹೇಳಿದವಳು ಅವಳ ಅಜ್ಜಿ ಲೌದೆಲಿನಾ. ಕಥೆ ಹೇಳುವಾಗ ಅಜ್ಜಿಯ ಕಂಕುಳಲ್ಲಿ ಒಂದು ಹುಂಜ ಇರುತ್ತಿತ್ತು. ಚಂದ್ರ ಸವೆಯುತ್ತ ಹೋಗುವ ದಿನಗಳಲ್ಲೇ ಗರಿ ಕೀಳಬೇಕು, ಬೆಳೆಯುವ ಚಂದ್ರನಲ್ಲಿ ಕಿತ್ತರೆ ಹೊಳಪು ಹಾರಿಹೋಗುತ್ತದೆ ಎಂಬುದು ನಮ್ಮೂರು ವಾಲ್ದೆಕೋರ್ಸೊದಲ್ಲಿ ಕೂಸುಗಳಿಗೂ ಗೊತ್ತಿತ್ತು. ಹುಂಜವನ್ನು ಕೊಲ್ಲುವಂತಿಲ್ಲ. ಬೆನ್ನಿನ ನಾಲ್ಕು ಗರಿ ಕಿತ್ತು, ಆ ಜಾಗಕ್ಕೆ ಒಂದಿಷ್ಟು ವೈನ್ ಸವರಿ, ಬೈದುಕೊಳ್ಳುತ್ತಿರುವ ಹುಂಜವನ್ನು ಅಂಗಳಕ್ಕೆ ಬಿಟ್ಟರಾಯಿತು, ಮತ್ತೆ ಬೆಳೆಯುತ್ತದೆ. ಆ ಗರಿಯ ಎಳೆಗಳನ್ನು ಸಣ್ಣ ಗಾಳಕ್ಕೆ ರೇಷ್ಮೆ ದಾರದಲ್ಲಿ ಸುತ್ತಿದರೆ ಗರಿನೊಣ. ನೀರಿನ ಮೇಲೆ ಬಿಟ್ಟರೆ, ಆಗತಾನೆ ಹುಟ್ಟಿ ರೆಕ್ಕೆ ಒಣಗಿಸಿಕೊಳ್ಳುತ್ತಿರುವ ಹೊಳೆನೊಣವೇ ಸರಿ.

“ಇದು ಉಕ್ಕಿನ ಬಣ್ಣ, ಮಾರ್ಚ್‌ಗೆ. ಇದು ಜಿಂಕೆಬೆನ್ನು, ಮೋಡ ಇದ್ದಾಗ. ಇದು ನೋಡು ಕೂಸೇ, ಪೊರಕೆಹೂ. ಗುಡ್ಡದ ಮೇಲೆ ಪೊರಕೆಗಿಡ ಹಳದಿಯಾಗಿ ಉರಿಯುತ್ತಲ್ಲ, ಅದರ ಕಿಡಿ ಸಿಡಿದ ಹಾಗಿಲ್ವಾ? ಇದು ಸಂಜೆಗೆ. ಸಂಜೆಗೆ ಮಾತ್ರ.”

ಸೂರ್ಯ ಬೆಟ್ಟದ ಹಿಂದೆ ಜಾರಿದ ಮೇಲೆ, ಕತ್ತಲು ಇಳಿಯುವ ಮೊದಲು, ಹೊಳೆಯ ತಳದಿಂದ ನೊಣಗಳು ಎದ್ದು ಬರುವ, ಅವುಗಳ ಬೆನ್ನಿಗೇ ಟ್ರೌಟ್‌ಗಳು ಬಾಯಿ ತೆರೆದು ಏಳುವ ಚೂರು ಹೊತ್ತಿಗೆ ನಮ್ಮಲ್ಲಿ ‘ಸೆರೇನೊ’ ಎನ್ನುತ್ತಾರೆ. ಆ ಹೊತ್ತಿನಲ್ಲಿ ಬೀಳುವ ಇಬ್ಬನಿಗೂ ಅದೇ ಹೆಸರು. ಕುಡಿಯದೆ ನೆಟ್ಟಗೆ ನಿಂತಿರುವ ಗಂಡಸಿಗೂ ಅದೇ ಹೆಸರು. ಒನೊರಿನಾ ಹುಡುಗಿಯಾಗಿದ್ದಾಗ ಊರಿಗೆ ಊರೇ ಸೆರೇನೊಗೆ ಹೋಗುತ್ತಿತ್ತು. ಗಣಿಯಿಂದ ಬಂದವರು ಮುಖ ತೊಳೆಯದೆ, ಹುಲ್ಲು ಕೊಯ್ದು ಬಂದವರು ಕುಡುಗೋಲನ್ನು ಬೇಲಿಗೆ ಸಿಕ್ಕಿಸಿ, ಗಾಳದ ಕೋಲು ಹಿಡಿದು ನೇರವಾಗಿ ನೀರಿಗೆ. ಮಾತಿಲ್ಲ, ಕಥೆಯಿಲ್ಲ. ದಾರ ಗಾಳಿಯಲ್ಲಿ ಸುಯ್ ಎನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಕೋಳಿಗೂಡಿನ ಕೆಳಗಿನ ಆಳವಾದ ಮಡು ಅಜ್ಜಿಯದು. ಅಲ್ಲಿಗೆ ಬೇರೆ ಯಾರೂ ಗಾಳ ಹಾಕುತ್ತಿರಲಿಲ್ಲ. ಕಾನೂನೇನೂ ಇರಲಿಲ್ಲ, ಅಜ್ಜಿಯ ಬಾಯಿಗೆ ಹೆದರುತ್ತಿದ್ದರು.

ಊರಿನಲ್ಲಿ ಕೊನೆಗೆ ಉಳಿದ ಹುಂಜದ ಹೆಸರು ಪಾದ್ರಿ. ನಡಿಗೆ ಹಾಗಿತ್ತು. ಎದೆ ಮುಂದೆ, ಕಣ್ಣು ಅರ್ಧ ಮುಚ್ಚಿ, ಎಲ್ಲರ ಪಾಪವೂ ತನಗೆ ಗೊತ್ತು ಎನ್ನುವ ಹಾಗೆ. ಉಳಿದ ಮನೆಯವರು ಹುಂಜ ಸಾಕುವುದನ್ನು ಎಂದೋ ಬಿಟ್ಟಿದ್ದರು. ಪಾದ್ರಿ ಸತ್ತ ಚಳಿಗಾಲದಲ್ಲೇ ಅಜ್ಜಿಯೂ ಹಾಸಿಗೆ ಹಿಡಿದಳು. ಮಾರದೆ ಉಳಿಸಿಕೊಂಡಿದ್ದ ಒಂದೇ ಒಂದು ಪೊರಕೆಹೂ ಗರಿಯನ್ನು ನಡುಗುವ ಕೈಯಲ್ಲೇ ಗಾಳಕ್ಕೆ ಸುತ್ತಿದಳು. ಸೋಂಪಿನ ಮಿಠಾಯಿಯ ತಗಡಿನ ಡಬ್ಬಿಯಲ್ಲಿಟ್ಟು ಮೊಮ್ಮಗಳ ಕೈಗೆ ಕೊಟ್ಟಳು.

“ನಮ್ಮ ಮಡುವಲ್ಲೇ ಕೊಡ್ಬೇಕು. ಸೆರೇನೊ ಹೊತ್ತಲ್ಲೇ ಕೊಡ್ಬೇಕು. ಮೀನು ತಾನಾಗಿ ಎದ್ದು ಬಂದು ತಗೋಬೇಕು, ತಗೊಂಡು ಹೊರಟುಹೋಗ್ಬೇಕು. ಹಿಡಿದು ಬಾಣಲೆಗೆ ಹಾಕಿದ್ಯೋ, ನೋಡ್ಕೋ.”

“ಆಗ್ಲಿ ಅಜ್ಜಿ.”

“ಆಗ್ಲಿ ಅಂತ ತಲೆ ಅಲ್ಲಾಡಿಸಿದ್ರೆ ಆಗಲ್ಲ, ಮಾತು ಕೊಡು. ಅಲ್ಲೀವರೆಗೂ ಜಾಮೀನು ನಿಂತೋಳು ನಾನು, ಸತ್ತ ಮೇಲೂ ಮಡುವಿನ ಪಕ್ಕದ ಆ ಕಲ್ಲಿನ ಮೇಲೆ ಕೂತಿರ್ಬೇಕು. ಮೊದಲೇ ಮಂಡಿನೋವು ನಂಗೆ. ಆ ಥಂಡೀಲಿ ಬಹಳ ದಿನ ಕೂರಿಸ್ಬೇಡ್ವೇ ತಾಯಿ.”

ಒನೊರಿನಾ ನಗುತ್ತಲೇ ಮಾತು ಕೊಟ್ಟಳು. ಒಂದು ಸಂಜೆಯ ಕೆಲಸ ಎಂದುಕೊಂಡಳು.

ಅಜ್ಜಿಯನ್ನು ಮಣ್ಣು ಮಾಡಿದ ವಸಂತದಲ್ಲೇ ಕಣಿವೆಯ ಮೇಲಿನ ಅಣೆಕಟ್ಟಿನಲ್ಲಿ ವಿದ್ಯುತ್ತಿನ ಯಂತ್ರ ತಿರುಗತೊಡಗಿತು. ಪಟ್ಟಣದಲ್ಲಿ ದೀಪ ಹಚ್ಚುವ ಹೊತ್ತೂ ನಮ್ಮ ಹೊಳೆಯಲ್ಲಿ ಮೀನು ಏಳುವ ಹೊತ್ತೂ ಒಂದೇ ಎಂಬುದು ಅಲ್ಲಿಯವರೆಗೆ ಯಾರ ತಲೆಗೂ ಹೊಳೆದಿರಲಿಲ್ಲ. ಸೂರ್ಯ ಮರೆಯಾದೊಡನೆ ಸೈರನ್ ಕೂಗುತ್ತದೆ. ಆಮೇಲೆ ನೀರು ಬರುತ್ತದೆ. ಜಲಾಶಯದ ತಳದಿಂದ ಬಂದ, ಬಿಸಿಲನ್ನೇ ಕಾಣದ, ಎಲುಬು ಕೊರೆಯುವ ಕಂದು ನೀರು. ಏಳುತ್ತಿದ್ದ ನೊಣಗಳನ್ನು ಎಂಜಲೆಲೆಯ ಹಾಗೆ ಗುಡಿಸಿಕೊಂಡು ಹೋಗುತ್ತದೆ. ಟ್ರೌಟ್‌ಗಳು ಬಂಡೆಯ ಬುಡ ಸೇರುತ್ತವೆ. ಬೆಳಗಾಗುವಾಗ ನೀರು ಇಳಿದು, ಮೊಟ್ಟೆಗಳೂ ಮರಿಗಳೂ ದಡದ ಬೆಣಚುಕಲ್ಲುಗಳ ನಡುವೆ ಒಣಗಿರುತ್ತವೆ. ಬೇಸಿಗೆಯಿಂದ ಬೇಸಿಗೆಗೆ ಮೀನು ಕಡಿಮೆಯಾದವು, ಗಾಳದ ಕೋಲು ಹಿಡಿದು ಬರುವವರೂ ಕಡಿಮೆಯಾದರು. ಕೊನೆಗೆ ಹೊಳೆಯಿಂದ ಸಂಜೆಯೇ ಎದ್ದುಹೋಯಿತು. ಹಗಲು ಮುಗಿದ ಕೂಡಲೇ ರಾತ್ರಿ ಧಡಕ್ಕನೆ ಬೀಳತೊಡಗಿತು, ಕಥೆಯ ಮೊದಲಿನಲ್ಲಿದ್ದ ಹಾಗೆ.

ಆ ಸೈರನ್ ಕೂಗಿಸಿ ಅಣೆಕಟ್ಟಿನ ಬಾಗಿಲೆತ್ತುವ ಕೈ ಒನೊರಿನಾಳ ಗಂಡ ಎವೆಲಿಯೊನದು. ಗಣಿ ಮುಚ್ಚಿದ ಮೇಲೆ ಅವನಿಗೆ ಸಿಕ್ಕಿದ್ದು ಅದೊಂದೇ ಕೆಲಸ. ಪಟ್ಟಣದಿಂದ ಫೋನು ಬರುತ್ತದೆ, ‘ಬಿಡು’ ಅನ್ನುತ್ತಾರೆ, ಬಿಡುತ್ತಾನೆ. ಒನೊರಿನಾಳಿಗೆ ಸಿಕ್ಕಿದ್ದು ಕಣಿವೆಯ ಕೆಳಗಿನ ಮೀನು ಸಾಕುವ ತೊಟ್ಟಿಗಳಲ್ಲಿ ಕೆಲಸ. ಬೆಳಗಿನಿಂದ ಟ್ರೌಟ್ ಹೊಟ್ಟೆ ಸೀಳುವುದು, ಕರುಳು ತೆಗೆಯುವುದು, ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿಸುವುದು. ಬೆರಳ ಸಂದಿಯ ವಾಸನೆ ಯಾವ ಸೋಪಿಗೂ ಹೋಗದು. ಹಗಲೆಲ್ಲ ಕೈತುಂಬ ಟ್ರೌಟ್. ಸಂಜೆ ಅಜ್ಜಿಯ ಮಡುವಿನಲ್ಲಿ ನಿಂತರೆ ಒಂದೂ ಇಲ್ಲ.

ಆದರೂ ಹೋಗುತ್ತಿದ್ದಳು. ಬಸ್ಸಿಳಿದು, ಮೇಲಂಗಿ ಬದಲಿಸಿ, ಅಜ್ಜಿಯ ಬಿದಿರಿನ ಕೋಲು ಹಿಡಿದು ಮಡುವಿಗೆ. ಮೊದಲು ಬೇರೆ ಯಾವುದೋ ನೊಣ ಕಟ್ಟಿ ನೀರನ್ನು ನೋಡುತ್ತಿದ್ದಳು. ಎಲ್ಲೋ ಒಂದು ಉಂಗುರ ಎದ್ದ ಹಾಗಾದರೆ ಮಾತ್ರ ಡಬ್ಬಿ ತೆರೆದು ಪೊರಕೆಹೂವನ್ನು ಕಟ್ಟುತ್ತಿದ್ದಳು. ಅಷ್ಟರಲ್ಲಿ ಸೈರನ್. ಕಟ್ಟುವುದು, ಎಸೆಯುವುದು, ಬಿಚ್ಚುವುದು, ಒಣಗಿಸುವುದು, ಇಷ್ಟರಲ್ಲೇ ನೊಣ ಸವೆಯುತ್ತಿತ್ತು. ರೇಷ್ಮೆ ಸಡಿಲಾಯಿತು. ಗರಿಯ ಎಳೆಗಳು ಒಂದೊಂದೇ ಉದುರಿದವು. ಇದು ಪೂರ್ತಿ ಉದುರಿಹೋದರೆ ಕೊಡಲು ಏನೂ ಉಳಿಯುವುದಿಲ್ಲ, ಅಜ್ಜಿ ಆ ಥಂಡಿಯಲ್ಲೇ ಶಾಶ್ವತವಾಗಿ ಕೂತಿರಬೇಕಾಗುತ್ತದೆ. ಇದೊಂದೇ ಯೋಚನೆ ಮೀನು ಸೀಳುವಾಗಲೂ, ಸೂಪು ಕುದಿಸುವಾಗಲೂ, ಇಗರ್ಜಿಯಲ್ಲಿ ಮಂಡಿಯೂರಿದಾಗಲೂ.

ಅಜ್ಜಿ ಕೂತಿದ್ದಾಳೆಂಬುದು ಒನೊರಿನಾಳಿಗೆ ಕಥೆಯಾಗಿರಲಿಲ್ಲ. ಮಡುವಿನ ಪಕ್ಕದ ಚಪ್ಪಟೆ ಕಲ್ಲಿಗೆ ಬೆನ್ನು ಕೊಟ್ಟು ನೀರಿಗಿಳಿದರೆ ಸಾಕು, ಹಿಂದಿನಿಂದ ಸೋಂಪಿನ ವಾಸನೆ ಬರುತ್ತಿತ್ತು. ಸೋಂಪು, ಕೋಳಿಗೂಡಿನ ಒಣಹುಲ್ಲು, ಒದ್ದೆ ಉಣ್ಣೆ. ತಿರುಗಿ ನೋಡಿದರೆ ಬರೀ ಕಲ್ಲು. ಆದ್ದರಿಂದ ತಿರುಗುತ್ತಿರಲಿಲ್ಲ.

ಹೊಳೆಯಿಂದ ಬರುವ ದಾರಿಯಲ್ಲಿ ನಿಕಾಸಿಯೊ ಮಾವನ ಬಾರು. ಅವನು ಯಾರಿಗೂ ಸೋದರಮಾವನಲ್ಲ, ಊರಿಗೆಲ್ಲ ಮಾವ. ಇಸ್ಪೀಟಾಡುವ ಮುದುಕರ ಮುಂದೆ ಅವಳನ್ನು ಕೆಣಕದಿದ್ದರೆ ಅವನಿಗೆ ತಿಂದದ್ದು ಕರಗದು.

“ಬಂದ್ಲಪ್ಪಾ ನಮ್ಮ ಬೆಸ್ತರ ರಾಣಿ! ಎಷ್ಟು ಮೀನಮ್ಮಾ ಇವತ್ತು?”

“ಲೆಕ್ಕ ಇಡೋಕೆ ನೀನು ಬರ್ಬೇಕಿತ್ತು ಮಾವ.”

“ಬರ್ತಿದ್ದೆ. ಆದ್ರೆ ನಂಗೆ ನಿನ್ನ ಗಂಡನ್ನ ಕಂಡ್ರೆ ಭಯ. ಒಂದು ಗುಂಡಿ ಒತ್ತಿದ್ರೆ ನನ್ನ ಚಡ್ಡೀನೂ ತೇಲಿಹೋಗುತ್ತೆ.” ಮುದುಕರು ಎಲೆ ಕೆಳಗಿಟ್ಟು ನಕ್ಕರು. ನಿಕಾಸಿಯೊ ಇನ್ನಷ್ಟು ಹುರುಪಾಗಿ, “ನಾ ಹೇಳ್ತೀನಿ ಕೇಳು, ಇಡೀ ಊರಲ್ಲಿ ನಿನ್ನಷ್ಟು ಪಾಪದವಳು ಯಾರೂ ಇಲ್ಲ. ಹೊಳೇನೂ ಸೆರೇನೊ ಇಲ್ಲ, ಮನೆಗೆ ಬರೋ ಗಂಡನೂ ಸೆರೇನೊ ಇಲ್ಲ!”

ಅದು ನಿಜವೇ. ಎವೆಲಿಯೊ ಬಾಗಿಲು ಇಳಿಸಿ ಬರುವಾಗ ಜೇಬಿನ ಶೀಸೆ ಖಾಲಿಯಾಗಿರುತ್ತಿತ್ತು. ಗಲಾಟೆ ಮಾಡುವವನಲ್ಲ. ಕುಡಿದರೆ ಇನ್ನೂ ಮೆತ್ತಗಾಗುವವನು. ಮೊಪೆಡ್ ನಿಲ್ಲಿಸಿ, ಹೊಸಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂಬಂತೆ ಟೋಪಿ ತಿರುಗಿಸುತ್ತಿದ್ದ.

“ಇವತ್ತೂ ಇಲ್ವಾ?”

“ಇತ್ತು. ಒಂದು ಎದ್ದಿತ್ತು. ಕಟ್ಟೋ ಅಷ್ಟರಲ್ಲಿ ನಿನ್ನ ಸೈರನ್ ಆಯ್ತು.”

“ನನ್ನದಲ್ಲ ಕಣೆ ಅದು.”

“ಗೊತ್ತು. ಉಣ್ಣು ಬಾ.”

ಬೆಳ್ಳುಳ್ಳಿ ಸೂಪಿನಲ್ಲಿ ಒಣ ಬ್ರೆಡ್ಡು ನೆನೆಯುವುದನ್ನೇ ನೋಡುತ್ತ ಇಬ್ಬರೂ ಕೂತಿರುತ್ತಿದ್ದರು. ಬೈದಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತೇನೋ.

ಜೂನ್ ತಿಂಗಳ ಒಂದು ದಿನ ಒನೊರಿನಾ ಮಡುವಿಗೆ ಬಂದಾಗ ಇನ್ನೂ ಬಿಸಿಲಿತ್ತು. ನೀರಿನ ಮೇಲೆ ನೊಣದ ಸುಳಿವಿಲ್ಲ. ಆದರೂ ಮಡುವಿನ ನಡುವೆ ಒಂದು ಉಂಗುರ ಎದ್ದಿತು. ಮತ್ತೊಂದು. ಮಗದೊಂದು, ಅದೇ ಜಾಗದಲ್ಲಿ. ಸೆರೇನೊ ಇನ್ನೂ ದೂರ ಎಂಬುದು ಆ ಆತುರದಲ್ಲಿ ತಲೆಗೇ ಬರಲಿಲ್ಲ. ಡಬ್ಬಿ ತೆರೆದಳು, ಪೊರಕೆಹೂವನ್ನು ಕಟ್ಟಿದಳು, ಎಸೆದಳು. ನೊಣ ನೀರು ಮುಟ್ಟಿದ್ದೇ ತಡ, ಮೀನು ನುಗ್ಗಿ ನುಂಗಿಬಿಟ್ಟಿತು.

ಬಹಳ ಸುಲಭವಾಗಿತ್ತು. ಹೊಳೆಯಲ್ಲೇ ಹುಟ್ಟಿದ ಟ್ರೌಟ್ ಜಗಳಾಡುತ್ತದೆ, ಬಂಡೆಯ ಸಂದಿಗೆ ಎಳೆಯುತ್ತದೆ, ನೀರಿನಾಚೆ ಹಾರಿ ಶಪಿಸುತ್ತದೆ. ಇದು ಕರೆದಲ್ಲಿಗೆ ಬಂತು. ದಾರ ಕತ್ತರಿಸಲೆಂದು ಚಾಕು ತೆರೆದವಳು ಒಂದು ಗಳಿಗೆ ಮೀನನ್ನು ಅಂಗೈಯಲ್ಲಿ ಹಿಡಿದಳು. ನೋಡಬೇಕೆಂದೂ ಇರಲಿಲ್ಲ, ಕೈಗೇ ತಿಳಿಯಿತು. ಎದೆಯ ಎರಡೂ ಈಜುರೆಕ್ಕೆಗಳು ಮೊಂಡು. ಬಾಲದ ತುದಿ ದುಂಡಗೆ ಸವೆದಿತ್ತು. ಸಿಮೆಂಟಿನ ತೊಟ್ಟಿಗೆ ಉಜ್ಜಿ ಉಜ್ಜಿ ಹಾಗಾಗುವ ರೆಕ್ಕೆಗಳನ್ನು ಅವಳು ಬೆಳಗಿನಿಂದ ಮುಟ್ಟಿಕೊಂಡೇ ಬಂದಿದ್ದಳು. ತೊಟ್ಟಿಯ ಮೀನಿಗೆ ಹಿಂಡಿ ಎರಚುವ ಹೊತ್ತು ಅದು. ಅದಕ್ಕೇ ಬಿಸಿಲಲ್ಲಿ ಎದ್ದಿತ್ತು.

ಗಾಳ ಬಿಡಿಸಿಕೊಂಡಳು. ನೊಣದಲ್ಲಿ ನಾಲ್ಕೈದು ಎಳೆ ಉಳಿದಿತ್ತು.

ಅವತ್ತು ಎವೆಲಿಯೊ ಎಂದಿಗಿಂತ ಬೇಗ ಬಂದ. ಶೀಸೆ ಮುಟ್ಟಿರಲಿಲ್ಲ. ಮೇಜಿನ ಮೇಲಿದ್ದ ಮೀನನ್ನು ನೋಡಿ ಅವನ ಮುಖ ಅರಳಿತು. ಅಷ್ಟು ಅರಳಿದ್ದನ್ನು ಅವಳು ಮದುವೆಯ ದಿನದ ನಂತರ ಕಂಡಿರಲಿಲ್ಲ.

“ಸಿಕ್ತಾ! ಗರಿ ತಗೊಂಡ್ತಾ? ನಾ ಹೇಳ್ಲಿಲ್ವಾ, ಒಂದಲ್ಲ ಒಂದು ದಿನ...” ಮಾತು ಅಲ್ಲೇ ನಿಂತಿತು. “ಅಲ್ಲ, ಮನೆಗ್ಯಾಕೆ ತಂದೆ? ಬಿಟ್ಟುಬಿಡ್ಬೇಕಿತ್ತಲ್ವಾ?”

“ಅದರ ರೆಕ್ಕೆ ನೋಡು.”

ಅವನು ನೋಡಲಿಲ್ಲ.

“ತೊಟ್ಟಿಯಿಂದ ಮಡುವಿಗೆ ಬಕೆಟ್ಟಲ್ಲಿ ತಂದ್ಯಾ, ಚೀಲದಲ್ಲಾ?”

“ಬಕೆಟ್ಟಲ್ಲಿ.” ಟೋಪಿ ಕೈಯಲ್ಲಿ ತಿರುಗತೊಡಗಿತು. “ಮೊಪೆಡ್ ಹಿಂದೆ ಕಟ್ಟಿಕೊಂಡು. ಅರ್ಧ ನೀರು ನನ್ನ ಬೆನ್ನಿಗೇ ಚೆಲ್ಲಿತು. ನಮ್ಮ ಹೊಳೆ ಜಾತಿದೇ ಆರಿಸಿಕೊಡು ಅಂತ ಕಾವಲಿನವನ್ನ ಗೋಗರೆದೆ ಕಣೆ. ಅದೂ ಟ್ರೌಟೇ ತಾನೆ?”

“ನಾನು ದಿನಾ ಅದರ ಹೊಟ್ಟೆ ಸೀಳ್ತೀನಿ ಎವೆಲಿಯೊ. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?”

“ನಿನ್ನ ಕೈ ಅಷ್ಟು ನೋಡುತ್ತೆ ಅನ್ನೋದು ಮರೆತೇಹೋಯ್ತು.”

“ನಂಗೆ ಸುಳ್ಳು ಹೇಳಿದ್ರೆ ಹೇಳು. ಹೊಳೆಗೂ ಹೇಳಿದ್ಯಲ್ಲ. ಅಜ್ಜಿಗೂ.”

ಎವೆಲಿಯೊ ಕುರ್ಚಿಯಲ್ಲಿ ಕುಸಿದು ಕೂತ. “ನೀರು ನಿಲ್ಸೋಕಾಗಲ್ಲ ನಂಗೆ. ನಿಲ್ಸಿದ್ರೆ ಈ ಕೆಲ್ಸಾನೂ ಹೋಗುತ್ತೆ. ಮೀನು ಹುಟ್ಸೋಕೂ ಆಗಲ್ಲ. ಇನ್ನೇನು ಮಾಡ್ಲಿ ಹೇಳು? ದಿನಾ ಗುಂಡಿ ಒತ್ತುವಾಗ ನೀನು ಮಂಡಿವರೆಗೂ ನೀರಲ್ಲಿ ನಿಂತಿರ್ತೀಯ ಅಂತ ಗೊತ್ತಿದ್ದೂ ಒತ್ತೋನು ನಾನು. ಹೇಳು, ಏನು ಮಾಡ್ಲಿ?”

ಅವಳು ಮೀನನ್ನು ಬೆಕ್ಕಿಗೆ ಹಾಕಿದಳು. ಬೆಕ್ಕು ಮೂಸಿ ನೋಡಿ, ತಲೆ ತಿಂದು, ಉಳಿದದ್ದನ್ನು ಬಿಟ್ಟುಹೋಯಿತು.

ಮರುದಿನ ಸಂಜೆ ಅವಳು ಹೊಳೆಗೆ ಹೆದರುತ್ತಲೇ ಹೋದಳು. ಆ ಸುಳ್ಳು ಮೀನು ಗರಿಯನ್ನು ಬಾಯಿಗೆ ಹಾಕಿಕೊಂಡಿತ್ತಲ್ಲ, ಅದು ಲೆಕ್ಕಕ್ಕೆ ಬಂದುಬಿಟ್ಟರೆ? ಅಜ್ಜಿ ಹಾಗೆಯೇ ಮೋಸಹೋಗಿ ಎದ್ದು ನಡೆದಿದ್ದರೆ? ಕಲ್ಲಿಗೆ ಬೆನ್ನು ಕೊಟ್ಟು ನಿಂತಳು. ಬಹಳ ಹೊತ್ತು ಏನೂ ಇಲ್ಲ, ಬರೀ ನೀರಿನ ವಾಸನೆ. ಆಮೇಲೆ ಸೋಂಪು ಬಂತು, ಒಣಹುಲ್ಲು ಬಂತು.

ಒನೊರಿನಾಳಿಗೆ ಅಳು ಉಕ್ಕಿತು. ಅಜ್ಜಿ ಇನ್ನೂ ಥಂಡಿಯಲ್ಲೇ ಇದ್ದಾಳೆಂಬ ಸಂಕಟಕ್ಕಲ್ಲ, ಇನ್ನೂ ಇದ್ದಾಳೆಂಬ ಸಂತೋಷಕ್ಕೆ. ಅದು ಗೊತ್ತಾದಾಗ ನಾಚಿಕೆಯಾಯಿತು. ಇಷ್ಟು ಬೇಸಿಗೆ ಸೈರನ್ನನ್ನು ಶಪಿಸುತ್ತ ನಿಂತವಳು, ಕೂಗಿದಾಗಲೆಲ್ಲ ಒಳಗೊಳಗೆ ಸಮಾಧಾನದ ಉಸಿರು ಬಿಡುತ್ತಿದ್ದಳೆ? ನೊಣ ಕಟ್ಟುವಾಗ ಬೆರಳು ತಡವರಿಸುತ್ತಿದ್ದದ್ದು ಚಳಿಗೊ, ಬೇಕೆಂದೇ?

“ಅಜ್ಜಿ, ಇನ್ನು ಸ್ವಲ್ಪ ದಿನ” ಎಂದಳು, ತಿರುಗದೆ.

ಆದರೆ ದಿನಗಳು ಉಳಿದಿರಲಿಲ್ಲ. ಆಗಸ್ಟಿನಲ್ಲಿ ಪಟ್ಟಣದಿಂದ ಒಂದು ವ್ಯಾನು ಬಂತು. ಅಣೆಕಟ್ಟಿನ ಕೋಣೆಗೆ ಬೂದು ಬಣ್ಣದ ಕಪಾಟೊಂದನ್ನು ಕೂರಿಸಿ, ತಂತಿ ಎಳೆದರು. ಇನ್ನು ಮೇಲೆ ಬಾಗಿಲು ಎತ್ತುವುದು ಇಳಿಸುವುದು ಎಲ್ಲ ಲೆಯೋನ್ ಪಟ್ಟಣದಲ್ಲಿ ಕೂತವರ ಕೈಯಲ್ಲಿ. ಎವೆಲಿಯೊನಿಗೆ ದಕ್ಷಿಣದ ಯಾವುದೋ ಅಣೆಕಟ್ಟಿನಲ್ಲಿ ಕಾವಲು ಕೆಲಸ ಕೊಡುವುದಾಗಿ ಹೇಳಿದ್ದರು. ಕೈಯಿಂದ ಬಾಗಿಲೆತ್ತುವ ಕೊನೆಯ ದಿನ ಬೆಳಿಗ್ಗೆ ಅವನು ಕಾಫಿಗೆ ಬಿಸ್ಕತ್ತು ಅದ್ದುತ್ತ, ಹವಾಮಾನದ ವಿಷಯ ಮಾತಾಡುವವನಂತೆ ಹೇಳಿದ:

“ಇವತ್ತು ಸಂಜೆ ಮಡುವಿಗೆ ಹೋಗು. ಸೈರನ್ ಆಗಲ್ಲ.”

ಅವಳ ಕೈಯಲ್ಲಿದ್ದ ಬಟ್ಟಲು ನಿಂತಿತು. “ಫೋನ್ ಬಂದ್ರೆ?”

“ಕಿವುಡಾಗ್ತೀನಿ.”

“ದಕ್ಷಿಣದ ಕೆಲ್ಸ ಕೊಡಲ್ಲ ಅವ್ರು.”

“ಕೊಡಲ್ಲ.”

“ಆಮೇಲೆ ಏನು ಮಾಡ್ತೀಯ?”

“ನಿಕಾಸಿಯೊ ಮಾವನ ಬಾರಲ್ಲಿ ಲೋಟ ತೊಳೀತೀನಿ. ಹೇಗೂ ಅಲ್ಲಿರೋ ಲೋಟವೆಲ್ಲ ನನ್ನ ಬಾಯಿ ಕಂಡಿವೆ.” ನಗಿಸಲು ನೋಡಿದ, ಆಗಲಿಲ್ಲ. “ನೋಡೇ, ಇಷ್ಟು ದಿನ ಕೈ ನಂದಿತ್ತು. ಬೈಬಹುದಿತ್ತು, ಬೇಡಬಹುದಿತ್ತು. ನಾಳೆಯಿಂದ ಯಾರ ಕೈನೂ ಇರಲ್ಲ. ಆ ಕಪಾಟನ್ನ ಏನಂತ ಬೇಡ್ತೀಯ?”

ಬೇಡ ಅನ್ನಬೇಕೆಂದು ಒನೊರಿನಾಳ ನಾಲಿಗೆಯ ತುದಿಗೆ ಬಂದಿತ್ತು. ಕೆಲಸಕ್ಕೋಸ್ಕರ ಬೇಡ ಎಂದು ಅವನು ತಿಳಿದುಕೊಳ್ಳುತ್ತಿದ್ದ. ನಿಜವಾದ ಕಾರಣ ಹೇಳುವ ಮುಖ ಅವಳಿಗಿರಲಿಲ್ಲ. ಮಂಡಿನೋವಿನ ಮುದುಕಿಯನ್ನು ಕಲ್ಲಿನ ಮೇಲೆ ಕೂರಿಸಿಟ್ಟುಕೊಂಡವಳು ತಾನು. ಗಂಡನ ಬಿಸ್ಕತ್ತು ಕಾಫಿಯಲ್ಲಿ ಕರಗಿ ಬಿದ್ದುಹೋಯಿತು. ಅವಳು ಬೇರೆ ಬಿಸ್ಕತ್ತು ಕೊಟ್ಟಳು.

ಅವತ್ತು ಸಂಜೆ ಫೋನು ಹೊಡೆದುಕೊಳ್ಳುತ್ತಲೇ ಇತ್ತಂತೆ, ಎವೆಲಿಯೊ ಎದುರಿಗೇ ಕೂತಿದ್ದನಂತೆ. ನೀರು ಬಾರದ ಆ ಹೊತ್ತಿನಲ್ಲಿ ಲೆಯೋನ್ ಪಟ್ಟಣದ ಒಂದು ದೀಪವೂ ಮಂಕಾಗಲಿಲ್ಲ ಎಂಬುದು ಮರುದಿನ ಬೈಗುಳದ ಜೊತೆಗೇ ತಿಳಿದುಬಂತು. ಯಾರಿಗೂ ಆ ನೀರು ಬೇಕಾಗಿಯೇ ಇರಲಿಲ್ಲ. ಇಷ್ಟು ವರ್ಷ ಎಲ್ಲ ಸಂಜೆಗಳಲ್ಲೂ ಬೇಕಾಗಿರಲಿಲ್ಲವೇನೋ.

ಒನೊರಿನಾ ಬೇಗ ಹೋಗಲಿಲ್ಲ. ಮನೆಯಲ್ಲೇ ಕೂತು ಗಾಳದ ಮುಳ್ಳನ್ನು ಅರದಿಂದ ತಿಕ್ಕಿ ನುಣುಪು ಮಾಡಿದಳು. ಮೀನಿನ ಬಾಯಲ್ಲಿ ಅದು ಬಹಳ ದಿನ ಕಚ್ಚಿಕೊಂಡಿರಬಾರದು. ಉದುರದೆ ಉಳಿದ ಎಳೆಗಳ ಬುಡಕ್ಕೆ ಹಳದಿ ರೇಷ್ಮೆಯ ಒಂದು ಸುತ್ತು ಹಾಕಿದಳು. ಸೂರ್ಯ ಬೆಟ್ಟದ ಹಿಂದೆ ಜಾರಿದ ಮೇಲೆ ನೀರಿಗಿಳಿದಳು. ಈ ಸಲ ಬೇರೆ ನೊಣ ಕಟ್ಟಲಿಲ್ಲ.

ಸೈರನ್ ಕೂಗುವ ಹೊತ್ತು ಬಂತು. ಕೂಗಲಿಲ್ಲ. ಆ ಮೌನಕ್ಕೆ ಕಿವಿ ನೋಯಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ ನೀರಿನ ಮೈಮೇಲೆ ಒಂದು ಬೆಳಕು ಬಂತು. ಆಕಾಶದಿಂದ ಇಳಿದದ್ದಲ್ಲ, ಕೆಳಗಿನಿಂದ ಎದ್ದದ್ದು ಅನ್ನಿಸುವಂಥ ಬೆಳಕು, ತುಪ್ಪದ ಬಣ್ಣದ್ದು. ಆ ಬೆಳಕಿನಲ್ಲಿ ಒಂದು ನೊಣ ಎದ್ದಿತು. ರೆಕ್ಕೆಯನ್ನು ಹಾಯಿಯಂತೆ ನಿಲ್ಲಿಸಿಕೊಂಡು ತೇಲಿತು. ಎರಡು, ಹತ್ತು, ಒಂದು ಹಿಡಿ. ಮುಂಚೆ ಇವು ಮುಖಕ್ಕೆ ಮುತ್ತಿ ಉಸಿರಾಡಲು ಬಿಡುತ್ತಿರಲಿಲ್ಲ. ಈಗ ಎಲ್ಲಾ ಸೇರಿ ಒಂದು ಹಿಡಿ. ಆದರೂ ಸಂಜೆ ಬಂದಿತ್ತು. ಹಗಲಿಗೂ ರಾತ್ರಿಗೂ ನಡುವೆ ಒಂದು ಉಸಿರಿನಷ್ಟು ಜಾಗ ತೆರೆದಿತ್ತು.

ಬಂಡೆಯ ನೆರಳಿನಲ್ಲಿ, ಮಡುವಿನ ಅತಿ ಆಳದಲ್ಲಿ, ಏನೋ ಕದಲಿತು. ಒಂದು ಉಂಗುರ. ಸದ್ದೇ ಇಲ್ಲ. ದೊಡ್ಡ ಮೀನುಗಳು ಹಾಗೆಯೇ ಏಳುವುದು, ಮುದುಕಿಯರು ಬಿಸಿ ಸೂಪು ಹೀರಿದ ಹಾಗೆ. ಒನೊರಿನಾ ಕಾದಳು. ಇಡೀ ಮಡುವಿನಲ್ಲಿ ಬೇರೆಲ್ಲೂ ಉಂಗುರವೇಳಲಿಲ್ಲ. ಇದ್ದದ್ದು ಒಂದೇ. ಅದಕ್ಕೆ ಜೋಡಿಯೂ ಇರಲಿಲ್ಲ, ಮರಿಯೂ ಇರಲಿಲ್ಲ.

ಬೆನ್ನ ಹಿಂದೆ ಸೋಂಪಿನ ವಾಸನೆ ಬಂತು. ಎಂದಿಗಿಂತ ಹತ್ತಿರ, ಕಿವಿಯ ಪಕ್ಕದಲ್ಲೇ ಯಾರೋ ಮಿಠಾಯಿ ಚೀಪುತ್ತಿರುವಷ್ಟು ಹತ್ತಿರ.

ಎಸೆಯದೆ ಹೋಗಬಹುದಿತ್ತು. ನೊಣವನ್ನು ಡಬ್ಬಿಗೆ ಹಾಕಿ, ಮೀನು ಏಳಲಿಲ್ಲ ಎಂದು ಎವೆಲಿಯೊನಿಗೆ ಹೇಳಿದ್ದರೆ ನಂಬುತ್ತಿದ್ದ. ನಾಳೆ, ನಾಡಿದ್ದು, ಬದುಕಿರುವ ತನಕ ಈ ಕಲ್ಲಿನ ಬಳಿ ಅಜ್ಜಿ ಇರುತ್ತಿದ್ದಳು. ಒನೊರಿನಾ ಕೋಲನ್ನು ಎತ್ತಿಕೊಂಡೇ ನಿಂತಿದ್ದಳು. ಹಿಂದಿನಿಂದ ಕಲ್ಲಿನ ಮೇಲೆ ಯಾರೋ ಕಷ್ಟಪಟ್ಟು ಮಗ್ಗುಲು ಬದಲಿಸಿದ ಹಾಗಾಯಿತು, ಉಣ್ಣೆಯ ಲಂಗ ಕಲ್ಲಿಗೆ ಉಜ್ಜಿದ ಸದ್ದು. ಮಂಡಿ ನೋಯುತ್ತಿರಬೇಕು.

ದಾರ ಒಮ್ಮೆ ಹಿಂದಕ್ಕೆ ಹೋಗಿ ಸುಯ್ ಎಂದಿತು. ಮುಂದಕ್ಕೆ ಬಂತು. ಪೊರಕೆಹೂವಿನ ಉಳಿದ ಎಳೆಗಳು ಆ ತುಪ್ಪದ ಬೆಳಕಿನಲ್ಲಿ ಕಿಡಿಯಂತೆ ಹೊಳೆದು, ಬಂಡೆಯ ನೆರಳಿನಂಚಿನಲ್ಲಿ ಕೂತವು. ನೀರಿನ ಮೇಲೆ ಅದು ಗರಿಯೋ ಜೀವವೋ ಹೇಳಲಾಗದು. ಒಂದು ಮೊಳ ತೇಲಿತು. ಕೆಳಗಿನಿಂದ ಒಂದು ಕಪ್ಪು ಮೂತಿ ಮೆಲ್ಲಗೆ ಮೇಲೆದ್ದು, ನೋಡಿ, ಬಾಯಿ ಮುಚ್ಚಿತು.

ಕೋಲು ಬಾಗಿತು. ಈ ಮೀನು ಕರೆದಲ್ಲಿಗೆ ಬರುವಂಥದ್ದಲ್ಲ. ಅದು ಒಮ್ಮೆ ತಲೆ ಕೊಡವಿ ಬಂಡೆಯತ್ತ ಎಳೆದಾಗ ಬೆಳಕಿಗೆ ಮೈ ತಿರುಗಿಸಿತು. ಎಣ್ಣೆಗಪ್ಪು ಬೆನ್ನು, ಪಕ್ಕದಲ್ಲಿ ಕೆಂಡದ ಚುಕ್ಕೆ, ರೆಕ್ಕೆಗಳ ಅಂಚು ಹೊಸ ಕಾಗದದ ಹಾಗೆ ಚೂಪು. ಕೈಯಲ್ಲಿ ಹಿಡಿದ ದಾರದುದ್ದಕ್ಕೂ ಅದರ ಹಟ ನಡುಗುತ್ತಿತ್ತು. ಹಾಗೆ ಹಿಡಿದುಕೊಂಡಿರುವಷ್ಟು ಹೊತ್ತೂ ಸೋಂಪು ಹಿಂದೆಯೇ ಇತ್ತು. ಅವಳು ಇನ್ನೊಂದು ಕ್ಷಣ ಹಿಡಿದಳು, ಮತ್ತೊಂದು ಕ್ಷಣ.

“ಹೊರಟ್ಯಾ ಅಜ್ಜಿ?” ಎಂದು ಕೇಳಿದಳು.

ಹಲ್ಲಿನಿಂದ ಚಾಕು ತೆರೆದು, ಕೈಯಲ್ಲಿದ್ದ ದಾರವನ್ನು ಕತ್ತರಿಸಿದಳು. ಕೋಲು ನೆಟ್ಟಗಾಯಿತು. ಗರಿ ಬಂಡೆಯ ಬುಡಕ್ಕೆ ಹೋಯಿತು. ಗಾಳಿಯಲ್ಲಿ ನೀರಿನ ವಾಸನೆಯೊಂದು ಬಿಟ್ಟು ಬೇರೆ ಯಾವ ವಾಸನೆಯೂ ಉಳಿಯಲಿಲ್ಲ.